ಕಲಬುರಗಿಯ ‘ಸ್ಟ್ರೆಸ್ ಸ್ಕ್ಯಾನ್’ ಪ್ಯಾಕೇಜ್: ಮಷೀನ್ ಚಲೋ ಅದ, ಬಣ್ಣದ ಹಾಳಿ ಬ್ಯಾಡ

ಕಲಬುರಗಿಯ ಸ್ಕ್ಯಾನ್ ಕೇಂದ್ರವೊಂದು ‘ಸ್ಟ್ರೆಸ್ ಸ್ಕ್ಯಾನ್’ ಹೆಸರಿನಲ್ಲಿ ಮಾರುವ ಪ್ಯಾಕೇಜಿನಲ್ಲಿ ಮೂರು ಬಾಬತ್ತು ಇವೆ. 1.5 ಟೆಸ್ಲಾ ಮಷೀನಿನಲ್ಲಿ ಮೆದುಳಿನ ಎಂಆರ್‌ಐ ಒಂದು. ತಲೆಗೆ ಟೋಪಿ ಹಾಕಿ ಮೆದುಳಿನ ವಿದ್ಯುತ್ ಅಲೆ ಬರೆದುಕೊಳ್ಳುವ ಇಇಜಿ ಎರಡನೆಯದು, ಅದಕ್ಕೆ ಇಟ್ಟಿರುವ ಹೆಸರು ‘ಬ್ರೇನ್ ಮ್ಯಾಪಿಂಗ್’. ಕೊನೆಗೆ, ಕೆಂಪು ಹಳದಿ ನೀಲಿಯಲ್ಲಿ ಅಚ್ಚಾದ ‘ಸ್ಟ್ರೆಸ್ ರಿಪೋರ್ಟ್’. ಕೇಂದ್ರದ ಹೆಸರು ಇಲ್ಲಿ ಬೇಡ. ಇದೇ ತರಹದ್ದು ಬೇರೆ ಊರುಗಳಲ್ಲೂ ಸಿಗುತ್ತದೆ, ಮಾತು ಎಲ್ಲದಕ್ಕೂ ಒಪ್ಪುತ್ತದೆ. ಅಂಕ ಮೊದಲೇ ಕೊಟ್ಟುಬಿಡೋಣ: ಎಂಆರ್‌ಐಗೆ 5ಕ್ಕೆ 4, ಇಇಜಿಗೆ 2, ಬಣ್ಣದ ಹಾಳೆಗೆ ಸೊನ್ನೆ.

ಜೇವರ್ಗಿ, ಚಿಂಚೋಳಿ, ಶಹಾಪುರ, ಹುಮನಾಬಾದ್ ಕಡೆಯವರು ಇಂಥ ಸ್ಕ್ಯಾನಿಗೆ ಬರುವುದು ಹೆಚ್ಚಾಗಿ ಒಂದೇ ಮಾತಿನ ಮೇಲೆ: “ನಿದ್ದಿ ಇಲ್ಲ, ತಲಿ ಭಾರ, ಯಾವುದಕ್ಕೂ ಮನಸ್ಸಿಲ್ಲ. ಒಂದ್ಸಲ ತಲಿದು ಫೋಟೋ ತೆಗಿಸಿಬಿಡೂಣು.” ಫೋಟೋದಲ್ಲಿ ಟೆನ್ಶನ್ ಕಾಣುತ್ತದೆ ಎಂಬ ನಂಬಿಕೆಯೇ ಈ ಪ್ಯಾಕೇಜಿನ ಬಂಡವಾಳ. ಖಿನ್ನತೆ ಇದ್ದವರ ಮೆದುಳಿನ ಮಾಮೂಲಿ ಎಂಆರ್‌ಐ ಬಹುಪಾಲು ನಾರ್ಮಲ್ ಎಂದೇ ಬರುತ್ತದೆ. ರಿಪೋರ್ಟ್ ನಾರ್ಮಲ್ ಬಂತು ಎಂದು ಮನೆಯವರು “ಏನೂ ಇಲ್ಲಂತ, ಸುಮ್ಮ ನಾಟಕ ಮಾಡ್ತಾನ” ಎಂದು ತೀರ್ಮಾನಿಸಿದರೆ, ಸ್ಕ್ಯಾನ್ ಉಪಕಾರಕ್ಕಿಂತ ಅಪಕಾರವನ್ನೇ ಮಾಡಿದಂತೆ.

ಹಾಗಾದರೆ ಮನೋರೋಗ ತಜ್ಞರು ಎಂಆರ್‌ಐ ಬರೆಯುವುದೇ ಇಲ್ಲವೇ? ಬರೆಯುತ್ತಾರೆ, ಖಿನ್ನತೆಯನ್ನು ಹುಡುಕಲಿಕ್ಕಲ್ಲ, ಖಿನ್ನತೆಯ ವೇಷದಲ್ಲಿ ಬಂದ ಬೇರೆ ಕಾಯಿಲೆಯನ್ನು ಹುಡುಕಲಿಕ್ಕೆ. ಜೀವನದಲ್ಲಿ ಎಂದೂ ಇಲ್ಲದ್ದು ಅರವತ್ತರ ಮೇಲೆ ಮೊದಲ ಸಲ ಶುರುವಾದರೆ, ಜೊತೆಗೆ ಫಿಟ್ಸ್ ಬಂದರೆ, ಬೆಳಗಿನ ತಲೆನೋವಿಗೆ ವಾಂತಿ ಸೇರಿದರೆ, ಒಂದು ಕೈ ಸೋತರೆ, ತಲೆಗೆ ಪೆಟ್ಟಾಗಿದ್ದರೆ, ಮರೆವು ಬೇಗಬೇಗ ಏರುತ್ತಿದ್ದರೆ, ಸ್ವಭಾವವೇ ತಿರುವುಮುರುವಾದರೆ ಸ್ಕ್ಯಾನ್ ಬೇಕು. ಗಡ್ಡೆ, ಸಣ್ಣ ಪಾರ್ಶ್ವವಾಯು, ತಲೆಬುರುಡೆಯೊಳಗೆ ಹೆಪ್ಪುಗಟ್ಟಿದ ರಕ್ತ, ಹಂದಿಯ ಲಾಡಿಹುಳದಿಂದಾಗುವ ಗಂಟು ಸಿಗುವುದು ಇಂಥವರಲ್ಲಿ. ಉಳಿದವರಿಗೆ ಮೊದಲು ಬೇಕಾದದ್ದು ರಕ್ತಪರೀಕ್ಷೆ: ಥೈರಾಯ್ಡಿನ ಟಿಎಸ್‌ಎಚ್, ಬಿ12, ಹಿಮೋಗ್ಲೋಬಿನ್, ಸಕ್ಕರೆ. ಥೈರಾಯ್ಡ್ ಕಡಿಮೆಯಾದ ಹೆಣ್ಣುಮಗಳ ಸುಸ್ತು, ಬೇಸರ, ನಿದ್ದೆಗೇಡು ಖಿನ್ನತೆಯ ಹಾಗೆಯೇ ಕಾಣುತ್ತದೆ. ಅದನ್ನು ಹಿಡಿಯುವುದು ಒಂದು ಸಿರಿಂಜ್ ರಕ್ತ.

ಈಗ ಸೇವೆಯ ಮಾತು. ಎಂಆರ್‌ಐ ವಿಭಾಗ ಅಚ್ಚುಕಟ್ಟಾಗಿದೆ. ಒಳಗೆ ಬಿಡುವ ಮೊದಲು ಕನ್ನಡದಲ್ಲೇ ಅಚ್ಚಾದ ಫಾರಂ ತುಂಬಿಸುತ್ತಾರೆ, ಓದಲು ಬಾರದವರಿಗೆ ತಂತ್ರಜ್ಞರು ಒಂದೊಂದೇ ಪ್ರಶ್ನೆ ಓದಿ ಹೇಳುತ್ತಾರೆ. “ಅಕ್ಕಾರ, ನೆರಗಿಯೊಳಗ ಪಿನ್ನ ಅದ ಏನ್ರಿ? ಕಾಕಾ, ಹಲ್ಲಿನ ಸೆಟ್ ತೆಗೀರಿ.” ಈ ಪಿನ್ನೇ ಎಲ್ಲಕ್ಕಿಂತ ಮುಖ್ಯ. ಸೇಫ್ಟಿ ಪಿನ್ನು ಉಕ್ಕಿನದು. ಅಯಸ್ಕಾಂತ ಯಾವಾಗಲೂ ಚಾಲೂ ಇರುತ್ತದೆ, ಮಷೀನಿನ ಹತ್ತಿರ ಬರುತ್ತಲೇ ಪಿನ್ನನ್ನು ಎಳೆಯತೊಡಗುತ್ತದೆ. ಬಂಗಾರ ಬೆಳ್ಳಿಯನ್ನು ಅದು ಎಳೆಯುವುದಿಲ್ಲ. ಆದರೂ ತಾಳಿ, ಕಾಲುಂಗುರ, ಮೂಗುಬೊಟ್ಟು ತೆಗೆಸುತ್ತಾರೆ. ರೇಡಿಯೋ ಅಲೆಗೆ ಲೋಹ ಬಿಸಿಯಾಗುತ್ತದೆ, ತಲೆಯ ಹತ್ತಿರದ್ದಾದರೆ ಚಿತ್ರದಲ್ಲಿ ಕಪ್ಪು ಗುಳಿ ಬೀಳುತ್ತದೆ, ಮೇಲಾಗಿ ಒಡವೆಯಲ್ಲಿ ಯಾವ ಲೋಹ ಬೆರೆತಿದೆ ಎಂಬುದು ಹಾಕಿಕೊಂಡವರಿಗೂ ತಿಳಿದಿರುವುದಿಲ್ಲ. ಕೊರಳಿನ ಲಿಂಗದ ಕರಡಿಗೆ, ತೋಳಿನ ತಾಯತ, ಉಡದಾರದ ಗುಂಡು, ಯಾವುದಕ್ಕೂ ವಿನಾಯಿತಿ ಇಲ್ಲ. ಕಾಡಿಗೆ, ಸುರ್ಮಾ ತೊಳೆದುಕೊಂಡೇ ಬರಬೇಕು, ಅದರಲ್ಲಿ ಕಬ್ಬಿಣದ ಕಣ ಇದ್ದರೆ ಕಣ್ಣಿನ ಸುತ್ತ ಚಿತ್ರ ಕದಡುತ್ತದೆ. ಮೆಹಂದಿಗೆ ಅಡ್ಡಿಯಿಲ್ಲ.

ಎಂಆರ್‌ಐಗೆ ಒಂದು ಅಂಕ ಕಳೆದದ್ದು ಇಲ್ಲೇ. ಕರಡಿಗೆ ಇಡಲು ತೋರಿಸುವ ಲಾಕರ್ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿದೆ. ಹಿರಿಯರು ಹಿಂದೆಮುಂದೆ ನೋಡುವುದು ಸಹಜ. ಮನೆಯವರೊಬ್ಬರು ಜೊತೆಗಿದ್ದರೆ ಅವರ ಕೈಗೆ ಕೊಟ್ಟು ಒಳಗೆ ಹೋಗಬಹುದು.

ಫಾರಂನಲ್ಲಿ ಜನ ಸುಳ್ಳು ಹೇಳುವುದಿಲ್ಲ, ಮರೆಯುತ್ತಾರೆ. ಶಹಾಬಾದ್ ಕಲ್ಲು ಕೊರೆಯುವವರು, ವಾಡಿ–ಸೇಡಂ ಸಿಮೆಂಟ್ ಕಾರ್ಖಾನೆಗಳಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಮಾಡುವವರು ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಸಿಡಿದಿತ್ತೇ ಎಂದು ನೆನಪಿಸಿಕೊಂಡು ಹೇಳಲೇಬೇಕು. ವರ್ಷಗಳ ಹಿಂದೆ ಒಳಗುಳಿದ ಚೂರು ಅಯಸ್ಕಾಂತದ ಹತ್ತಿರ ಅಲುಗಾಡಿದರೆ ಕಣ್ಣು ಹೋಗಬಹುದು, ಸಂಶಯವಿದ್ದರೆ ಮೊದಲು ಕಣ್ಣಿನ ಎಕ್ಸ್‌ರೇ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಸಾಮಾನ್ಯವಾಗಿ ಹೆದರಬೇಕಾಗಿಲ್ಲ, ಆಸ್ಪತ್ರೆ ಕೊಟ್ಟ ಕಾರ್ಡ್ ತಂದರೆ ಸಾಕು. ಪೇಸ್‌ಮೇಕರ್, ಕಿವಿಯ ಕಾಕ್ಲಿಯರ್ ಇಂಪ್ಲಾಂಟ್, ಮೆದುಳಿನ ರಕ್ತನಾಳದ ಕ್ಲಿಪ್ ಇದ್ದವರು ಆ ಸಾಧನದ ಕಾರ್ಡು, ವೈದ್ಯರ ಒಪ್ಪಿಗೆ ಎರಡೂ ಇಲ್ಲದೆ ಬಾಗಿಲು ದಾಟಬಾರದು.

ಒಳಗೆ 20ರಿಂದ 25 ನಿಮಿಷ. ಚಿತ್ರಗಳನ್ನು ಸರಣಿ ಸರಣಿಯಾಗಿ ತೆಗೆಯುತ್ತಾರೆ, ಒಂದೊಂದು ಸರಣಿಯೂ ಎರಡರಿಂದ ಐದು ನಿಮಿಷದ್ದು, ನಡುವೆ ಕೆಮ್ಮಿದರೆ, ನುಂಗಿದರೆ, ತಲೆ ಹೊರಳಿಸಿದರೆ ಆ ಸರಣಿ ಪೂರ್ತಿ ಮಸುಕಾಗಬಹುದು. ಬಾಯಲ್ಲಿ ಎಲೆಅಡಿಕೆ, ಗುಟ್ಕಾ ಇಟ್ಟುಕೊಂಡು ಮಲಗಿದವರ ಚಿತ್ರ ಕೆಡುವುದು ಇದರಿಂದಲೇ, ಉಗುಳು ನುಂಗಿದಾಗಲೆಲ್ಲ ತಲೆ ಕೊಂಚ ಜಗ್ಗುತ್ತದೆ. ಬಾಯಿ ಮುಕ್ಕಳಿಸಿಯೇ ಹೋಗಿ. ಸದ್ದು 100 ಡೆಸಿಬೆಲ್ ಆಚೀಚೆ, ಕಿವಿಗೆ ಬೆಂಡು ಕೊಡುತ್ತಾರೆ, ಕೊಡದಿದ್ದರೆ ಕೇಳಿ. ಕೈಯಲ್ಲಿ ರಬ್ಬರ್ ಬುಗ್ಗೆ ಇರುತ್ತದೆ, ಉಸಿರು ಕಟ್ಟಿದಂತಾದರೆ ಒತ್ತಿದರೆ ಹೊರಗೆ ತೆಗೆಯುತ್ತಾರೆ. ಆತಂಕದ ಕಾಯಿಲೆ ಇದ್ದವರಿಗೆ ಆ ಸುರಂಗವೇ ದೊಡ್ಡ ಪರೀಕ್ಷೆ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಮಲಗಿದರೆ ಅರ್ಧ ಭಯ ಕಡಿಮೆ. ಮೇ ತಿಂಗಳ 42 ಡಿಗ್ರಿ ಬಿಸಿಲಿನಿಂದ ಬಂದವರಿಗೆ ಒಳಗಿನ ಎಸಿ ನಡುಕ ಹುಟ್ಟಿಸುತ್ತದೆ, ನಡುಗಿದರೂ ಚಿತ್ರ ಹಾಳೇ. ಹೊದಿಕೆ ಕೇಳಿ ಪಡೆಯಿರಿ. ಕರೆಂಟ್ ಹೋದರೆ ಅಯಸ್ಕಾಂತ ಆರುವುದಿಲ್ಲ, ಸುಮಾರು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಅದು ತಣ್ಣಗೆ ಕೂತಿರುತ್ತದೆ, ಸ್ಕ್ಯಾನ್ ಮಾತ್ರ ನಿಲ್ಲುತ್ತದೆ. ಜನರೇಟರ್ ಹತ್ತಿದ ಮೇಲೆ ಅರ್ಧಕ್ಕೆ ನಿಂತ ಸರಣಿಯನ್ನು ಮೊದಲಿನಿಂದ ತೆಗೆಯಬೇಕು. ಇಲ್ಲಿ ಹಾಗೇ ಮಾಡುತ್ತಾರೆ, ಅದು ಮೆಚ್ಚತಕ್ಕದ್ದು.

ರಿಪೋರ್ಟಿನಲ್ಲಿ ಬರುವ ಮೂರು ಮಾತಿಗೆ ಜನ ಸುಮ್ಮಸುಮ್ಮನೆ ಗಾಬರಿಯಾಗುತ್ತಾರೆ. ‘ವೈಟ್ ಮ್ಯಾಟರ್ ಹೈಪರ್‌ಇಂಟೆನ್ಸಿಟಿ, ಫಜೆಕಾಸ್ 1’ ಎಂದರೆ ಕಡಿಮೆ ಮಟ್ಟದ ಬಿಳಿ ಚುಕ್ಕೆಗಳು, ವಯಸ್ಸು, ಬಿಪಿ, ಸಕ್ಕರೆಯೊಂದಿಗೆ ಬರುವಂಥವು. ‘ಮೈಲ್ಡ್ ಅಟ್ರೋಫಿ’, ಅಂದರೆ ಮೆದುಳು ಕೊಂಚ ಕುಗ್ಗಿರುವುದು, ಎಪ್ಪತ್ತರವರಲ್ಲಿ ತಲೆ ನೆರೆತಷ್ಟೇ ಸಹಜ, ನಲವತ್ತರವರಲ್ಲಿ ಮಾತ್ರ ವೈದ್ಯರು ಕುಡಿತದ ಬಗ್ಗೆ ಕೇಳಬೇಕಾದ ಸಂಗತಿ. ‘ಮ್ಯಾಕ್ಸಿಲರಿ ಸೈನಸ್ ಮ್ಯೂಕೋಸಲ್ ಥಿಕನಿಂಗ್’ ಹೆಚ್ಚಾಗಿ ಬರೀ ನೆಗಡಿಯ ಗುರುತು. ಖಿನ್ನತೆಗೆಂದು ತೆಗೆಸುವಾಗ ಗ್ಯಾಡೋಲಿನಿಯಂ ಇಂಜೆಕ್ಷನ್, ಅಂದರೆ ಕಾಂಟ್ರಾಸ್ಟ್, ಸಾಮಾನ್ಯವಾಗಿ ಬೇಡ. ತಜ್ಞರು ಬರೆದಿದ್ದರೆ ಮೊದಲು ಕಿಡ್ನಿಯ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಬೇಕು.

ಬಣ್ಣದ ಹಾಳೆಯ ಜಗಳ ಇರುವುದು ಬೇರೆಡೆ. ಅದರಲ್ಲಿ ‘ಒತ್ತಡದಿಂದ ಹಿಪ್ಪೊಕ್ಯಾಂಪಸ್ ಕುಗ್ಗಿದೆ’ ಎಂದು ಬರೆದಿರುತ್ತದೆ, ಅಂದರೆ ಮೆದುಳಿನಲ್ಲಿ ನೆನಪಿನ ಕೆಲಸ ಮಾಡುವ ಭಾಗ. ಇದು ಪೂರ್ತಿ ಗಾಳಿಮಾತಲ್ಲ, ಅದಕ್ಕೇ ಅಪಾಯ. ದೀರ್ಘ ಒತ್ತಡದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಏರಿ ಹಿಪ್ಪೊಕ್ಯಾಂಪಸಿನ ನರಕೋಶಗಳ ಕೊಂಬೆ ಮೊಟಕಾಗುತ್ತದೆ. 2002ರಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಸುಮಂತ್ರ ಚಟ್ಟರ್ಜಿ ತಂಡ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಕದಲದಂತೆ ಕಟ್ಟಿಟ್ಟು ನೋಡಿದಾಗ ಹಿಪ್ಪೊಕ್ಯಾಂಪಸಿನಲ್ಲಿ ಕೊಂಬೆ ಮುದುಡಿತ್ತು, ಭಯದ ಕೇಂದ್ರವಾದ ಅಮಿಗ್ಡಲಾದಲ್ಲಿ ತದ್ವಿರುದ್ಧವಾಗಿ ಚಿಗುರಿತ್ತು. ಅದು ಕಂಡದ್ದು ಸೂಕ್ಷ್ಮದರ್ಶಕದ ಕೆಳಗೆ, ಇಲಿಯಲ್ಲಿ.

ಮನುಷ್ಯರಲ್ಲಿ? 2016ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಕೂಟ ಖಿನ್ನತೆಯ 1,728 ರೋಗಿಗಳನ್ನೂ 7,199 ಆರೋಗ್ಯವಂತರನ್ನೂ ಹೋಲಿಸಿತು. ರೋಗಿಗಳ ಹಿಪ್ಪೊಕ್ಯಾಂಪಸ್ ಸರಾಸರಿ 1.24 ಶೇಕಡಾ ಸಣ್ಣದು. ಒಂದು ಬದಿಯ ಹಿಪ್ಪೊಕ್ಯಾಂಪಸ್ ಮೂರು–ನಾಲ್ಕು ಮಿಲಿಲೀಟರಿನಷ್ಟಿರುತ್ತದೆ, ಅದರಲ್ಲಿ 1.24 ಶೇಕಡಾ ಎಂದರೆ ಹೆಚ್ಚುಕಡಿಮೆ ಒಂದು ಹನಿ ನೀರು. ಆರೋಗ್ಯವಂತರ ನಡುವೆಯೇ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಏರುಪೇರು ಇರುತ್ತದೆ. ಸಾವಿರ ಚೀಲ ತೂಗಿದರೆ ಆಳಂದದ ತೊಗರಿಗೂ ಅಫಜಲಪುರದ ತೊಗರಿಗೂ ಕಾಳಿನ ಸರಾಸರಿ ತೂಕದಲ್ಲಿ ಕೂದಲೆಳೆಯ ವ್ಯತ್ಯಾಸ ಸಿಕ್ಕೀತು. ಅಂಗೈಗೆ ಒಂದೇ ಕಾಳು ಹಾಕಿ “ಇದು ಯಾವ ಊರಿಂದು?” ಎಂದರೆ ಅಡತಿ ಅಂಗಡಿಯವರೂ ನಗುತ್ತಾರೆ. ಅದೂ ಅಲ್ಲದೆ ಮಾಮೂಲಿ ಸ್ಕ್ಯಾನಿನ ಪದರ 5 ಮಿಲಿಮೀಟರ್ ದಪ್ಪ. ಹಿಪ್ಪೊಕ್ಯಾಂಪಸ್ ಅಳೆಯಲು 1 ಮಿಲಿಮೀಟರಿನ ತ್ರಿಆಯಾಮದ ಟಿ1 ಸರಣಿ ಬೇಕು. ಈ ಪ್ಯಾಕೇಜಿನ ಸಿಡಿಯಲ್ಲಿ ಅದು ಇಲ್ಲವೇ ಇಲ್ಲ. ಅಳತೆಗೋಲೇ ಇಲ್ಲದೆ ಬರೆದ ಅಳತೆ ಅದು.

ಇಇಜಿ ಟೋಪಿ ಫಿಟ್ಸ್ ಸಂಶಯಕ್ಕೆ ಒಳ್ಳೆಯ ಸಾಧನ, 2 ಅಂಕ ಅದಕ್ಕೇ. 19 ತಂತಿಗಳ ಸಂಕೇತವನ್ನು ಬಣ್ಣದ ನಕ್ಷೆ ಮಾಡಿದ ಕೂಡಲೇ ಅದು ಖಿನ್ನತೆಯ ಪತ್ತೆಯಾಗುವುದಿಲ್ಲ. ಹಲ್ಲು ಕಚ್ಚಿ ಕೂತರೆ ಕಣತಲೆಯ ಸ್ನಾಯುವಿನ ವಿದ್ಯುತ್ತು ವೇಗದ ಬೀಟಾ ಅಲೆಯ ಪಟ್ಟಿಗೆ ನುಗ್ಗಿ ನಕ್ಷೆಯಲ್ಲಿ ಕಿವಿಯ ಮೇಲ್ಭಾಗ ಕೆಂಪಾಗುತ್ತದೆ, ತೂಕಡಿಸಿದರೆ ನಿಧಾನದ ಅಲೆ ಹೆಚ್ಚಿ ಬೇರೆ ಬಣ್ಣ. ತಲೆಗೆ ಎಣ್ಣೆ ಹಚ್ಚಿ ಬಂದರೆ ತಂತಿಯೇ ಸರಿಯಾಗಿ ಹಿಡಿಯುವುದಿಲ್ಲ. ಕೆಂಪು ಎಲ್ಲಿಂದ ಶುರು ಎಂದು ನಿರ್ಧರಿಸುವುದು ಸಾಫ್ಟ್‌ವೇರಿನ ಸೆಟಿಂಗ್. ಹಾಳೆಯಲ್ಲಿ ಆ ಮಾಪಕವನ್ನೇ ಅಚ್ಚು ಮಾಡಿಲ್ಲ.

ಪ್ಯಾಕೇಜಿನ ಜಾಹೀರಾತಿನಲ್ಲಿ ಹೊಳೆಯುವ ಮೆದುಳಿನ ಚಿತ್ರ ಎಫ್‌ಎಂಆರ್‌ಐಯದು, ಅಂದರೆ ಕೆಲಸ ಮಾಡುತ್ತಿರುವ ಮೆದುಳಿನ ಸ್ಕ್ಯಾನಿನದು, ಒಳಗೆ ಆ ಪರೀಕ್ಷೆ ಮಾಡುವುದೇ ಇಲ್ಲ. ಮಾಡಿದರೂ ಒಬ್ಬ ವ್ಯಕ್ತಿಗೆ ‘ನಿಮಗೆ ಖಿನ್ನತೆ ಇದೆ’ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. 1990ರಲ್ಲಿ ವಿಜ್ಞಾನಿ ಸೇಜಿ ಒಗಾವಾ ತೋರಿಸಿಕೊಟ್ಟ ವಿಧಾನ ಅದು: ನರಕೋಶ ದುಡಿದ ಜಾಗಕ್ಕೆ ಆಮ್ಲಜನಕ ತುಂಬಿದ ರಕ್ತ ನುಗ್ಗುತ್ತದೆ, ಐದಾರು ಸೆಕೆಂಡು ತಡವಾಗಿ, ಸಂಕೇತದಲ್ಲಿ ಒಂದೆರಡು ಶೇಕಡಾದಷ್ಟು ಬದಲಾವಣೆಯಾಗಿ. ಚಹಾ ಕುಡಿದರೂ ಮೆದುಳಿನ ರಕ್ತನಾಳ ಕುಗ್ಗಿ ಅದು ವ್ಯತ್ಯಾಸವಾಗುತ್ತದೆ. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಮಷೀನಿನೊಳಗಿಟ್ಟು, ಮನುಷ್ಯರ ಫೋಟೋ ‘ತೋರಿಸಿ’, ಲೆಕ್ಕದ ತಿದ್ದುಪಡಿ ಮಾಡದಿದ್ದರೆ ಮೀನಿನ ಮೆದುಳೂ ಹೊಳೆಯುತ್ತದೆ ಎಂದು ತೋರಿಸಿದರು. 2020ರಲ್ಲಿ ಒಂದೇ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟಾಗ ಯಾವ ಎರಡು ತಂಡವೂ ಒಂದೇ ದಾರಿಯಲ್ಲಿ ಲೆಕ್ಕ ಮಾಡಲಿಲ್ಲ, ಫಲಿತಾಂಶಗಳೂ ಹಲವೆಡೆ ಬೇರೆಯಾದವು. ಸಂಶೋಧನೆಗೆ ಇದು ಅವಮಾನವಲ್ಲ, ತನ್ನ ತಪ್ಪನ್ನು ತಾನೇ ಹಿಡಿಯುವ ಕ್ರಮ. ಮಾರಾಟದ ಹಾಳೆಯಲ್ಲಿ ಆ ಎಚ್ಚರದ ಸುಳಿವೂ ಇಲ್ಲ.

ಖಿನ್ನತೆಯಲ್ಲಿ ಹೆಚ್ಚು ಚರ್ಚೆಯಾದ ಜಾಗ ಮೆದುಳಿನ ನಕ್ಷೆಯ ‘ಬ್ರಾಡ್‌ಮನ್ 25’, ಮೆದುಳಿನ ಮುಂಭಾಗದ ನಡುವೆ ತಳದಲ್ಲಿ. ನರವೈದ್ಯೆ ಹೆಲೆನ್ ಮೇಬರ್ಗ್ ಪೆಟ್ ಸ್ಕ್ಯಾನಿನಿಂದ ಅದರ ಜಾಡು ಹಿಡಿದು, 2005ರಲ್ಲಿ ಟೊರಾಂಟೊದಲ್ಲಿ ಯಾವ ಔಷಧಕ್ಕೂ ಜಗ್ಗದ 6 ರೋಗಿಗಳಿಗೆ ಅದರ ಪಕ್ಕ ವಿದ್ಯುತ್ ಹಾಯಿಸುವ ತಂತಿ ಕೂರಿಸಿದ ತಂಡದ ಮುಂದಾಳಾಗಿದ್ದರು. ಆದರೆ ಆ ಸುತ್ತಿನ ಜಾಗದ ಕೆಳಗೇ ಗಾಳಿ ತುಂಬಿದ ಸೈನಸ್ ಇದೆ. ಗಾಳಿ ಮತ್ತು ಮೆದುಳು ಕೂಡುವಲ್ಲಿ ಅಯಸ್ಕಾಂತ ಕ್ಷೇತ್ರ ಸೊಟ್ಟಗಾಗಿ ಎಫ್‌ಎಂಆರ್‌ಐ ಸಂಕೇತ ಮಂಕಾಗುತ್ತದೆ, ಕೆಲವೊಮ್ಮೆ ಅಳಿಸಿಯೇ ಹೋಗುತ್ತದೆ. ನೋಡಬೇಕಾದ ಜಾಗದಲ್ಲೇ ಕ್ಯಾಮೆರಾಕ್ಕೆ ಪೊರೆ.

ಈ ಊರಿನಲ್ಲಿ ಖಿನ್ನತೆಯನ್ನು ಅಳೆಯುವ ನಿಜವಾದ ಸಾಧನ ಒಂದು ಹಾಳೆ: ಪಿಎಚ್‌ಕ್ಯೂ-9. ಕಳೆದ 2 ವಾರಗಳ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27. 10 ಅಥವಾ ಮೇಲೆ ಬಂದರೆ ವೈದ್ಯರ ಜೊತೆ ಕೂತು ಮಾತಾಡಬೇಕು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ ಒಟ್ಟು ಅಂಕ ನೋಡುತ್ತ ಕೂಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ ಅಥವಾ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು, ಹೊರರೋಗಿ ಚೀಟಿ ಮಾಡಿಸಿ ‘ಮನೋರೋಗ ವಿಭಾಗ’ ಎಂದು ಕೇಳಿ. ಮಾತ್ರೆ ಶುರುವಾದ ಮೇಲೆ ಗುಣ ಕಾಣಲು 2ರಿಂದ 4 ವಾರ ಬೇಕು, ಮೊದಲ ವಾರವೇ “ಏನೂ ಆಗಲಿಲ್ಲ” ಎಂದು ಬಿಡುವುದರಿಂದಲೇ ಬಹಳ ಚಿಕಿತ್ಸೆ ಕೆಡುತ್ತದೆ. ಒಂದು ಎಂಆರ್‌ಐ ದುಡ್ಡಿನಲ್ಲಿ ತಿಂಗಳುಗಟ್ಟಲೆ ಜನರಿಕ್ ಮಾತ್ರೆ ಬರುತ್ತವೆ.

ತಜ್ಞರು ಎಂಆರ್‌ಐ ಬರೆದೇ ಇದ್ದರೆ ಈ ಕೇಂದ್ರಕ್ಕೆ ಧಾರಾಳವಾಗಿ ಹೋಗಿ. ಚೀಟಿಯಲ್ಲಿ ‘ಸ್ಟ್ರೆಸ್’ ಎಂದಷ್ಟೇ ಇದ್ದರೆ ಯಾವ ಸಂಶಯಕ್ಕೆ ಎಂದು ಬರೆಸಿಕೊಂಡು ಹೋಗಿ, ಏನು ಹುಡುಕಬೇಕೆಂದು ಗೊತ್ತಿದ್ದರೆ ರೇಡಿಯಾಲಜಿಸ್ಟ್ ಆ ಜಾಗವನ್ನು ಎರಡು ಸಲ ನೋಡುತ್ತಾರೆ. ಫಿಲ್ಮಿನ ಜೊತೆ ಸಿಡಿಯನ್ನೂ ಪಡೆಯಿರಿ, ಮುಂದೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಬೇಕಾದರೆ ಮತ್ತೆ ಸ್ಕ್ಯಾನ್ ಮಾಡಿಸುವ ಖರ್ಚು ತಪ್ಪುತ್ತದೆ. ಪ್ಯಾಕೇಜ್ ಬೇಡ ಎಂದರೆ ಕೌಂಟರಿನವರು ಒಮ್ಮೆ ಒತ್ತಾಯ ಮಾಡಿ ಸುಮ್ಮನಾಗುತ್ತಾರೆ. ಬಿಲ್ಲಿನಲ್ಲಿ ‘ಎಂಆರ್‌ಐ ಬ್ರೇನ್ ಪ್ಲೇನ್’ (ಕಾಂಟ್ರಾಸ್ಟ್ ಇಲ್ಲದ್ದು) ಎಂಬ ಒಂದೇ ಸಾಲು ಇದೆಯೇ ನೋಡಿಕೊಂಡು ದುಡ್ಡು ಕಟ್ಟಿ.