ಗೋಟು ಲೇಬಲ್ಲಾ, ಡೆವ್‌ಎಂ ದಾರಿಯಾ?

ಶಿರಸಿಯ ನಮ್ಮ ಮನೆ ಅಂಗಳದಲ್ಲಿ ಅಡಿಕೆ ಒಣಗಿಸುವ ಜಾಗದ ತೇವ ಅಳೆಯೋ ಸೆನ್ಸರ್‌ಗೆ ಲಿನಕ್ಸ್ ಡ್ರೈವರ್ ಬರೆದೆ. ನಡುವೆ ಏನಾದರೂ ಕೈಕೊಟ್ಟರೆ ಅಲ್ಲಿವರೆಗೆ ಪಡೆದದ್ದನ್ನು ವಾಪಸ್ ಬಿಡೋಕೆ ಎರಡು ದಾರಿ: ಗೋಟು, ಡೆವ್‌ಎಂ. ಪ್ರೋಬ್‌ನಲ್ಲಿ (ಡಿವೈಸ್ ಸಿಕ್ಕಾಗ ಕರ್ನಲ್ ಕರೆಯೋ ಫಂಕ್ಷನ್) ಮೊದಲು ಬಫರ್ ಅಂದರೆ ಮೆಮೊರಿ, ಆಮೇಲೆ ಕ್ಲಾಕ್, ಕೊನೆಗೆ ಐಆರ್‌ಕ್ಯೂ ಅಂದರೆ ಇಂಟರಪ್ಟ್ ಲೈನ್ ಪಡೆಯುತ್ತೇನೆ.

ಗೋಟು ದಾರಿಯಲ್ಲಿ, ಅಂದರೆ ತಪ್ಪಾದಾಗ ಬಿಡುಗಡೆಯ ಕೋಡ್ ಇರೋ ಲೇಬಲ್‌ಗೆ ಹಾರುವಲ್ಲಿ, ಐಆರ್‌ಕ್ಯೂ ಸಿಗದಿದ್ದರೆ ಹತ್ತಿದ ಮೆಟ್ಟಿಲನ್ನೇ ಹಿಂದಕ್ಕೆ ಇಳಿಯಬೇಕು. ಕ್ಲಾಕ್ ನಿಲ್ಲಿಸಿ, ಬಫರ್ ಬಿಡಬೇಕು. ನಾನು ತಪ್ಪು ಲೇಬಲ್‌ಗೆ ಹಾರಿದ್ದೆ, ಕ್ಲಾಕ್ ಸುಮ್ನೆ ಓಡುತ್ತಲೇ ಇತ್ತು.

ಡೆವ್‌ಎಂ, ಅಂದರೆ ಪಡೆದದ್ದನ್ನು ಡಿವೈಸ್‌ಗೇ ಕಟ್ಟಿಹಾಕೋ ವ್ಯವಸ್ಥೆ, 2007ರಿಂದ ಕರ್ನಲ್‌ನಲ್ಲಿದೆ. ಪ್ರೋಬ್ ಕೈಕೊಟ್ಟರೂ, ಡ್ರೈವರ್ ಕಳಚಿದರೂ, ಪಡೆದದ್ದನ್ನೆಲ್ಲ ಉಲ್ಟಾ ಕ್ರಮದಲ್ಲಿ ತಾನೇ ಬಿಡುತ್ತದೆ. ಹೊಸಬರಿಗೆ ನಾನು ಹೇಳೋದು ಇದನ್ನೇ. ಆದರೆ ಎರಡನ್ನೂ ಬೆರೆಸಬೇಡಿ. ಐಆರ್‌ಕ್ಯೂ ಡೆವ್‌ಎಂನಿಂದ ಪಡೆದು, ಬಫರನ್ನು ಮಾತ್ರ ಡ್ರೈವರ್ ಕಳಚುವಾಗ ಓಡೋ ರಿಮೂವ್ ಫಂಕ್ಷನ್‌ನಲ್ಲಿ ಕೈಯಾರೆ ಕೆಫ್ರೀ (ಮೆಮೊರಿ ಬಿಡುಗಡೆ) ಮಾಡಿದಿರಿ ಅಂತಿಟ್ಟುಕೊಳ್ಳಿ, ರಿಮೂವ್ ಮುಗಿಯೋವರೆಗೂ ಐಆರ್‌ಕ್ಯೂ ಜೀವಂತ ಇರುತ್ತದೆ, ಅಷ್ಟರಲ್ಲಿ ಒಂದು ಇಂಟರಪ್ಟ್ ಬಂದರೆ ಆಗ ಓಡೋ ಫಂಕ್ಷನ್, ಅಂದರೆ ಹ್ಯಾಂಡ್ಲರ್, ಮುಟ್ಟೋದು ಆಗಲೇ ಬಿಟ್ಟುಕೊಟ್ಟ ಮೆಮೊರಿಯನ್ನು. ರಿವ್ಯೂ ಮಾಡುವಾಗ ನಾನು ಮೊದಲು ಹುಡುಕೋದೇ ಇದು.

ಯುಎಸ್‌ಬಿ ಡಿವೈಸ್ ಆದರೆ ಇನ್ನೂ ಜಾಸ್ತಿ ಹುಷಾರು. ಯಾವುದೋ ಪ್ರೋಗ್ರಾಂ ಫೈಲ್ ತೆರೆದಿಟ್ಟಿರುವಾಗಲೇ ಕೇಬಲ್ ಕಿತ್ತರೆ ಡೆವ್‌ಎಂ ಮೆಮೊರಿ ಹೋಗಿಬಿಡುತ್ತದೆ, ಫೈಲ್ ಮಾತ್ರ ತೆರೆದೇ ಇರುತ್ತದೆ ಅಲ್ವಾ? ಅಲ್ಲಿ ಕೆರೆಫ್ (ಎಷ್ಟು ಮಂದಿ ಇನ್ನೂ ಬಳಸುತ್ತಿದ್ದಾರೆ ಅನ್ನೋ ಎಣಿಕೆ) ಇಟ್ಟು, ಕೊನೆಯವರು ಬಿಟ್ಟ ಮೇಲೆ ಕೆಫ್ರೀ ಮಾಡಿ.