ಹಿಂದುಗಡೆ ಎತ್ತಿ ಹಾಕುವ ಹಳೇ ಪಿಕಪ್‌: ಪ್ಲೇಟ್ ತೆಗೆಯೋದಾ, ಶಾಕ್ ಹಾಕೋದಾ, ಬುಷ್ ಬದಲಿಸೋದಾ?

ಮೊದಲೇ ಹೇಳಿಬಿಡುತ್ತೇನೆ: ಪ್ಲೇಟ್ (ಹಿಂದಿನ ಆಕ್ಸಲ್‌ಗೆ ಕಟ್ಟಿದ, ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಪಟ್ಟಿಗಳು) ಬಿಚ್ಚಿಸಿ ತುಕ್ಕು ಕೆರೆಸಿ, ಗ್ರೀಸ್ ಹಾಕಿಸಿ, ಬುಷ್ (ಪ್ಲೇಟ್ ತುದಿಯ ಬೋಲ್ಟ್ ಸುತ್ತ ಕೂರುವ ರಬ್ಬರ್) ಬದಲಿಸಿ. ನಾನು ಈ ದಾರಿಗೆ ಬಂದದ್ದು ಬೇರೆ ಎರಡಕ್ಕೆ ದುಡ್ಡು ಸುರಿದ ಮೇಲೆ.

ನಮ್ಮದು 14 ವರ್ಷದ ಗಾಡಿ. ಕೊಯ್ಲಿನ ತಿಂಗಳುಗಳಲ್ಲಿ ಆಲ್ದೂರು ಕಡೆಯಿಂದ ಚಿಕ್ಕಮಗಳೂರಿಗೆ 50 ಕೆಜಿಯ ಕಾಫಿ ಮೂಟೆ. ಉಳಿದ ದಿನ ಹೆಚ್ಚುಕಮ್ಮಿ ಖಾಲಿ. ಖಾಲಿ ಇದ್ದಾಗಲೇ ಕಷ್ಟ. ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ಪ್ರತಿ ಹಂಪ್‌ಗೂ ಅವರು ಡ್ಯಾಶ್‌ಬೋರ್ಡ್ ಹಿಡಿದುಕೊಳ್ಳುತ್ತಿದ್ದರು. ನೋಡಲಾಗಲಿಲ್ಲ.

"ಒಂದು ಪ್ಲೇಟ್ ತೆಗೆದುಬಿಡೋಣ ಸಾರ್, ಕಾರ್ ಥರ ಆಗುತ್ತೆ" ಅಂದರು ಗ್ಯಾರೇಜಿನವರು. ಖಾಲಿ ಗಾಡಿ ನಿಜಕ್ಕೂ ಮೆತ್ತಗಾಯಿತು. ಮೂಟೆ ಹೇರಿದ ದಿನ ಹಿಂದುಗಡೆ ಕೂತೇಬಿಟ್ಟಿತು, ಗುಂಡಿಗೆ ಇಳಿದಾಗಲೆಲ್ಲ ಆಕ್ಸಲ್ ಮೇಲಿನ ಬಂಪ್ ರಬ್ಬರ್‌ಗೆ (ಚಾಸಿಗೆ ನೇರ ಬಡಿಯದಂತೆ ತಡೆಯುವ ರಬ್ಬರ್) ಬಡಿಯತೊಡಗಿತು. ವಾರದೊಳಗೆ ವಾಪಸ್ ಹಾಕಿಸಿದೆ. ಲೋಡ್ ಹೊಡೆಯುವವರಿಗೆ ಇದು ಬೇಡವೇ ಬೇಡ.

ಹೊಸ ಶಾಕ್ ಅಬ್ಸಾರ್ಬರ್ ಜೋಡಿಗೆ 3,000 ರೂಪಾಯಿ ಆಯಿತು. ಗುಂಡಿ ದಾಟಿದ ಮೇಲಿನ ಕುಣಿತ ನಿಂತಿತು, ಮೊದಲ ಏಟು ಹಾಗೇ ಉಳಿಯಿತು.

ಏಟಿನ ಕಾರಣ ಪ್ಲೇಟ್‌ಗಳ ನಡುವೆ ಇತ್ತು. ಗಾಡಿ ಎಗರಿದಾಗ ಅವು ಒಂದರ ಮೇಲೊಂದು ಜಾರಬೇಕು. ಮಲೆನಾಡಿನ ಮಳೆ, ಕೆಸರು ಸೇರಿ ತುಕ್ಕು ಹಿಡಿದರೆ ಇಡೀ ಕಟ್ಟು ಒಂದೇ ದಪ್ಪ ಕಬ್ಬಿಣ. ಬಿಚ್ಚಿದಾಗ ತುಕ್ಕು ಹಕ್ಕಳೆ ಹಕ್ಕಳೆಯಾಗಿ ಉದುರಿತು. ತಂತಿ ಬ್ರಷ್, ಗ್ರಾಫೈಟ್ ಗ್ರೀಸ್, ಹೊಸ ರಬ್ಬರ್ ಬುಷ್, ಪ್ಲೇಟ್ ಕಟ್ಟನ್ನು ಆಕ್ಸಲ್‌ಗೆ ಬಿಗಿಯುವ ಹೊಸ ಯು-ಬೋಲ್ಟ್. ಕೂಲಿ ಸೇರಿ ಶಾಕ್‌ಗಿಂತ ಸ್ವಲ್ಪವೇ ಜಾಸ್ತಿ. ಮೊದಲ ದಿನವೇ ಗಾಡಿ ಬೇರೆಯಾಯಿತು.

ಆದರೆ ಮೂರು ವಾರಕ್ಕೆ ಕಿರ್ ಕಿರ್ ಸದ್ದು ಶುರು. ಹಿಂದುಗಡೆ ಮತ್ತೆ ಬಿಗಿ. ಕೆಲಸ ಮಾಡಿದವರನ್ನು ಕೇಳಿದರೆ "ಹೊಸ ಬುಷ್, ಸೆಟ್ ಆಗುತ್ತೆ" ಎಂಬ ಉತ್ತರ. ಸೆಟ್ ಆಗಲಿಲ್ಲ, ಒಂದು ಬುಷ್‌ನ ರಬ್ಬರ್ ಹರಿದು ಹೊರಗೆ ಬಂತು.

ಬೇರೊಬ್ಬ ಮೇಸ್ತ್ರಿ ಕೆಳಗೆ ಮಲಗಿ ನೋಡಿ ಕೇಳಿದ್ದು ಒಂದೇ: "ಬುಷ್ ಬೋಲ್ಟ್ ಬಿಗಿ ಮಾಡುವಾಗ ಗಾಡಿ ಜಾಕ್ ಮೇಲಿತ್ತಾ?" ಇತ್ತು. ಚಕ್ರ ನೇತಾಡುವಾಗ ಬಿಗಿದರೆ ಬುಷ್ ಅದೇ ಸ್ಥಿತಿಯಲ್ಲಿ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು, ನಿಂತಲ್ಲೂ ಎಳೆತದಲ್ಲೇ ಇರುತ್ತದೆ. ಅವರು ಹೊಸ ಬುಷ್ ಕೂರಿಸಿ, ಬೋಲ್ಟ್ ಸಡಿಲವಾಗಿಯೇ ಬಿಟ್ಟು, ಗಾಡಿ ನೆಲಕ್ಕಿಳಿಸಿ, ಹಿಂದೆ ಇಬ್ಬರನ್ನು ನಿಲ್ಲಿಸಿ ಅಲುಗಾಡಿಸಿದ ಮೇಲೆ ಬಿಗಿ ಮಾಡಿದರು. ಗ್ರೀಸ್ ರಬ್ಬರ್‌ಗೆ ತಾಗದಂತೆ ಒರೆಸಿದರು. ಒಂದು ಲೋಡ್ ಹೊಡೆದ ಮೇಲೆ ಯು-ಬೋಲ್ಟ್ ಮತ್ತೊಮ್ಮೆ ಬಿಗಿಸಿಕೊಂಡು ಬಂದೆ. ಆಮೇಲೆ ಸದ್ದಿಲ್ಲ. ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು, ಗಾಡಿ ನೆಲಕ್ಕಿಳಿಸಿದ ಮೇಲೆ ಬುಷ್ ಬೋಲ್ಟ್ ಬಿಗಿಯುವ ಇದೊಂದನ್ನು ಮಾಡಿಸಿಕೊಳ್ಳಿ.

ನನ್ನಂತೆ ವರ್ಷಕ್ಕೆ ಮೂರು ತಿಂಗಳು ಲೋಡ್, ಮಿಕ್ಕಿದ್ದು ಮನೆ ಓಡಾಟ ಅನ್ನುವವರಿಗೆ ಇದೇ ಸಾಕು. ಎಣ್ಣೆ ಸೋರುತ್ತಿದ್ದರೆ ಅಥವಾ ಗುಂಡಿ ದಾಟಿದ ಮೇಲೂ ಗಾಡಿ ಕುಣಿಯುತ್ತಿದ್ದರೆ ಮಾತ್ರ ಶಾಕ್‌ಗೆ ದುಡ್ಡು ಹಾಕಿ. ನಾನು ಇನ್ನು ಮಳೆ ಮುಗಿದು ಕೊಯ್ಲು ಶುರುವಾಗುವ ಮುಂಚೆ ಪ್ರತಿ ವರ್ಷ ಪ್ಲೇಟ್ ಬಿಚ್ಚಿಸುತ್ತೇನೆ.