ಲಾಂಗ್ ರೈಡ್‌ಗೆ ಕಸ್ಟಮ್ ಸೀಟ್ ಮಾಡಿಸುವವರೇ, ಕವರ್ ಹಾಕುವ ಮುಂಚೆ ಒಳಗಿನ ಫೋಮ್ ನೋಡಿ

ಬೈಕಿಗೆ ಕಸ್ಟಮ್ ಸೀಟ್ ಮಾಡಿಸಲು ಅಡ್ವಾನ್ಸ್ ಕೊಡುವುದಕ್ಕೆ ಹೊರಟವರು ಇದನ್ನು ಓದಿ, ಆಮೇಲೆ ಕೊಡಿ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಎರಡೇ ಮಾತು ನೆನಪಿಟ್ಟುಕೊಳ್ಳಿ. ಬೈಕಿನ ಜೊತೆ ಬಂದ ಕಂಪನಿ ಸೀಟನ್ನು ಕಸ್ಟಮ್ ಸೀಟ್ ಮಾಡುವವರ ಕೈಗೆ ಕೊಡಬೇಡಿ. ಮೇಲೆ ಕವರ್ ಹಾಕುವ ಮುಂಚೆ ಒಳಗಿನ ಫೋಮ್ ನೋಡದೆ, ಅದರ ಮೇಲೆ ಕೂರದೆ, ಬಾಕಿ ದುಡ್ಡು ಕೊಡಬೇಡಿ.

ಕಂಪನಿ ಸೀಟ್ ಹೇಗಿರುತ್ತೆ ಅಂತ ದೂರ ಓಡಿಸುವವರಿಗೆ ಗೊತ್ತೇ ಇದೆ. ದಿನಾ ಕೆಲಸಕ್ಕೆ ಹೋಗಿ ಬರಲು ಏನೂ ತೊಂದರೆ ಇಲ್ಲ. ಒಂದೆರಡು ಗಂಟೆ ದಾಟಿದ ಮೇಲೆ ಶುರುವಾಗುತ್ತದೆ. ಮೊದಲು ಕೂರುವ ಮೂಳೆಗಳ ಕೆಳಗೆ ಉರಿ, ಆಮೇಲೆ ಜೋಮು, ಆಮೇಲೆ ಮಾತುಮಾತಿಗೆ ಫುಟ್‌ಪೆಗ್ ಮೇಲೆ ಎದ್ದು ನಿಲ್ಲುವುದು. ಜೊತೆಯವರೆಲ್ಲ ಮುಂದೆ ಹೋಗಿ ಕಾಯುತ್ತಾ ನಿಂತಿರುತ್ತಾರೆ, ನಾವು ಹಿಂದೆ ಎಲ್ಲೋ ಬೈಕ್ ನಿಲ್ಲಿಸಿ ಸೊಂಟ ಹಿಡಿದುಕೊಂಡು ಓಡಾಡುತ್ತಿರುತ್ತೇವೆ. ಅದಕ್ಕೇ ಜನ ಕಸ್ಟಮ್ ಸೀಟಿಗೆ ಹೋಗುವುದು. ನಾನೂ ಅದಕ್ಕೇ ಹೋದೆ.

ನಾನು ಕೊಟ್ಟ ಅಂಗಡಿಯ ಹೆಸರು ಇಲ್ಲಿ ಹಾಕುತ್ತಿಲ್ಲ. ಹಾಕಿದರೆ ಮಾತೆಲ್ಲ ಹೆಸರಿನ ಮೇಲೆ ಹೋಗುತ್ತದೆ, ಸೀಟಿನ ವಿಷಯ ಹಿಂದೆ ಬೀಳುತ್ತದೆ. ಅವರು ಹಾಕಿದ ಫೋಟೋಗಳು ನೋಡಲು ತುಂಬಾ ಚೆನ್ನಾಗಿದ್ದವು. ಡೈಮಂಡ್ ಹೊಲಿಗೆ, ಅಂಚಿಗೆ ಬೇರೆ ಬಣ್ಣದ ಪೈಪಿಂಗ್, ಎಲ್ಲ ನೀಟು. 24 ಗಂಟೆಯಲ್ಲಿ 1000 ಮೈಲಿ, ಅಂದರೆ ಸುಮಾರು 1600 ಕಿ.ಮೀ. ಓಡಿಸುವ ಸ್ಯಾಡಲ್‌ಸೋರ್ ರೈಡ್ ಮಾಡುವವರೂ ನಮ್ಮಲ್ಲೇ ಸೀಟ್ ಮಾಡಿಸ್ತಾರೆ ಎಂದರು. ಆಮೇಲೆ ಒಂದು ಫಾರಂ ಕಳಿಸಿದರು. ಅದರಲ್ಲಿ ನನ್ನ ತೂಕ, ಎತ್ತರ, ಕಾಲಿನ ಒಳ ಅಳತೆ, ಸೊಂಟದ ಅಳತೆ, ಹಿಂದೆ ಕೂರುವವರ ತೂಕ, ಬೈಕಿನ ಮೇಲೆ ಕೂತು ಹ್ಯಾಂಡಲ್ ಹಿಡಿದಿರುವಾಗ ಪಕ್ಕದಿಂದ ತೆಗೆದ ಫೋಟೋ, ಹಿಂದಿನಿಂದ ತೆಗೆದ ಫೋಟೋ, ಎಲ್ಲ ಕೇಳಿದ್ದರು. ಎಲ್ಲಿ ನೋವು ಬರುತ್ತದೆ ಅಂತಲೂ ಒಂದು ಪ್ರಶ್ನೆ. ನಾನು ಟೇಪ್ ಹಿಡಿದು ಒಂದೊಂದೂ ಅಳೆದು ಬರೆದೆ. ಮನೆಯವರನ್ನು ನಿಲ್ಲಿಸಿ ಫೋಟೋ ತೆಗೆಸಿದೆ. ಇಷ್ಟೆಲ್ಲ ಕೇಳುವವರು ಸುಮ್ನೆ ಕೇಳ್ತಾರಾ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಅನ್ನಿಸಲಿ ಅಂತಲೇ ಆ ಫಾರಂ ಇರುವುದು. ಈಗ ಗೊತ್ತಾಗಿದೆ.

ಫೋಮ್ ಯಾವುದು ಎಂದು ಕೇಳಿದ್ದಕ್ಕೆ "ಹೈ ಡೆನ್ಸಿಟಿ ಸಾರ್, ಒಂದೇ ಪೀಸ್, ಮೇಲೆ ನಾಸಾ ಮೆಮರಿ ಫೋಮ್" ಎಂದರು. ಮೆಮರಿ ಫೋಮ್ 1966ರಲ್ಲಿ ನಾಸಾದವರು ವಿಮಾನದ ಸೀಟಿಗಾಗಿ ಮಾಡಿಸಿದ್ದು ಎನ್ನುವುದು ನಿಜವೇ. ಆದರೆ ವಿಮಾನದೊಳಗೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಈ ಫೋಮ್ ಬಿಸಿಯಾದರೆ ಮೆತ್ತಗಾಗುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ. ಬಿಸಿಲಿನಲ್ಲಿ ನಿಂತ ಬೈಕಿನ ಮೇಲೆ ಕೂತರೆ ಪೂರ್ತಿ ಕುಸಿದು ಕೆಳಗಿನ ಗಟ್ಟಿ ಜಾಗಕ್ಕೇ ಮೂಳೆ ತಾಗುತ್ತದೆ. ಬೆಳಗಿನ ಚಳಿಯಲ್ಲಿ ಹೊರಟರೆ ಮರದ ಹಲಗೆ. ನಾಸಾ ಎಂಬ ಹೆಸರು ಕೇಳಿ ಯಾರೂ ದುಡ್ಡು ಕೊಡಬೇಡಿ.

"ನಿಮ್ಮ ಸೀಟೇ ಕಳಿಸಿ, ಅದರ ತಳದ ಪ್ಲಾಸ್ಟಿಕ್ ಮೇಲೇ ಕಟ್ಟಬೇಕು, ಇಲ್ಲ ಅಂದ್ರೆ ಲಾಕ್ ಕೂರಲ್ಲ" ಎಂದರು. ಇದೂ ಸುಳ್ಳಲ್ಲ. ಲಾಕ್‌ನ ಕೊಕ್ಕೆ, ಮುಂದಿನ ನಾಲಗೆ, ಕೆಳಗಿನ ರಬ್ಬರ್ ಗುಂಡಿಗಳು ಎಲ್ಲ ಆ ತಳದಲ್ಲೇ ಇರುತ್ತವೆ. ಆದರೆ ಹಳೆಯ ಸೀಟೊಂದನ್ನು ಹುಡುಕಿ ಅದನ್ನು ಕೊಟ್ಟರೂ ಕೆಲಸ ಆಗುತ್ತದೆ ಎಂದು ಅವರು ಒಂದು ಮಾತೂ ಹೇಳಲಿಲ್ಲ. ಹೇಳಬೇಕಿತ್ತು. ಒಮ್ಮೆ ಕತ್ತರಿಸಿದ ಫೋಮ್ ಮತ್ತೆ ಕೂಡುವುದಿಲ್ಲ ಎಂದು ಅದೇ ಕೆಲಸ ಮಾಡುವವರಿಗೆ ಗೊತ್ತಿರಲ್ವಾ?

ಹೇಳಿದ ದಿನಕ್ಕೆ ಬರಲಿಲ್ಲ, ಅದಿರಲಿ. ತಡ ಎಲ್ಲ ಕಡೆಯೂ ಇದ್ದದ್ದೇ. ಬಂದ ಮೇಲೆ ನೋಡಲು ಚೆಂದವೇ ಇತ್ತು. ಕೂತ ತಕ್ಷಣ ಮೆತ್ತಗೆ. ಅಲ್ಲೇ ಇರುವುದು ಮೋಸ. ನಿಂತ ಬೈಕಿನ ಮೇಲೆ ಐದು ನಿಮಿಷ ಕೂತಾಗ ಯಾವುದು ಮೆತ್ತಗೆ ಹಿತವಾಗಿರುತ್ತದೋ ಅದೇ ಎರಡು ಗಂಟೆ ಆದಮೇಲೆ ಕೊಲ್ಲುತ್ತದೆ. ಮೆತ್ತಗಿನ ಫೋಮ್ ಒತ್ತಿ ಒತ್ತಿ ಕುಸಿದು ಹೋಗುತ್ತದೆ, ಮೈಭಾರ ಎಲ್ಲ ಎರಡು ಮೂಳೆಗಳ ತುದಿಯ ಮೇಲೆ ಬಂದು ನಿಲ್ಲುತ್ತದೆ, ಅಲ್ಲಿ ರಕ್ತ ಓಡಾಡುವುದಕ್ಕೆ ಜಾಗ ಇರಲ್ಲ, ಜೋಮು ಹಿಡಿಯುತ್ತದೆ. ಒಳ್ಳೆಯ ಸೀಟ್ ಮೊದಲು ಕೂತಾಗ ಸ್ವಲ್ಪ ಗಟ್ಟಿಯೇ ಅನ್ನಿಸಬೇಕು. ಭಾರವನ್ನು ತೊಡೆಯವರೆಗೂ ಹಂಚಬೇಕು.

ಈ ಸೀಟು ಹಂಚುವುದಿರಲಿ, ಮುಂದಕ್ಕೆ ಜಾರಿಸುತ್ತಿತ್ತು. ಹಿಂದೆ ಎತ್ತರ, ಮುಂದೆ ತಗ್ಗು. ಪ್ರತಿ ಬ್ರೇಕಿಗೂ ಟ್ಯಾಂಕಿಗೆ ಹೋಗಿ ಒತ್ತಿಕೊಳ್ಳುವುದು, ಕೈ ಊರಿ ಹಿಂದಕ್ಕೆ ಸರಿಯುವುದು, ಮತ್ತೆ ಜಾರುವುದು. ಮಣಿಕಟ್ಟು ನೋವು ಬೇರೆ. ಎಲ್ಲಿ ಜೋಮು ಹಿಡಿಯಬಾರದೋ ಅಲ್ಲೂ ಹಿಡಿಯಿತು, ಬಿಡಿಸಿ ಹೇಳುವುದು ಬೇಡ. ಇನ್ನೊಂದು ವಿಷಯ, ಸೀಟಿನ ಮುಂಭಾಗ ಅಗಲ ಮಾಡಿಬಿಟ್ಟಿದ್ದರು. ಮುಂಭಾಗ ಅಗಲವಾದರೆ ಸೀಟಿನ ಎತ್ತರ ಒಂದು ಸೆಂ.ಮೀ. ಕೂಡ ಏರದೆ ಇದ್ದರೂ ತೊಡೆ ಹೊರಗೆ ಅಗಲಿಕೊಂಡು ಪಾದ ನೆಲಕ್ಕೆ ಸಿಗುವುದಿಲ್ಲ. ಸಿಗ್ನಲ್‌ನಲ್ಲಿ ಲಗೇಜು ಕಟ್ಟಿದ ಬೈಕನ್ನು ಕಾಲ್ಬೆರಳ ತುದಿಯಲ್ಲಿ ಹಿಡಿದು ನಿಲ್ಲಬೇಕಾಯಿತು. ನಾನು ಕಾಲಿನ ಅಳತೆ ಬರೆದು ಕಳಿಸಿದ್ದು ಯಾಕೆ?

ಇಲ್ಲಿಂದ ಅವರ ಉತ್ತರಗಳು ಶುರು. ಮೊದಲು ಹೇಳಿದ್ದು, "ಹೊಸ ಸೀಟ್ ಸಾರ್, ಸೆಟ್ ಆಗ್ಬೇಕು, ಇನ್ನೂ ಸ್ವಲ್ಪ ಓಡಿಸಿ." ಸರಿ ಎಂದು ಓಡಿಸಿದೆ. ಫೋಮ್ ಸೆಟ್ ಆದರೆ ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೇ. ಇಳಿಜಾರು ಸೆಟ್ ಆಗಿ ಸಮ ಆಗುವುದಿಲ್ಲ. ಅದನ್ನೇ ಹೇಳಿದೆ. ಆಗ, "ನೀವು ಕೂರೋ ರೀತಿ ಸರಿ ಇಲ್ಲ ಅನ್ಸುತ್ತೆ, ಹಿಂದಕ್ಕೆ ಕೂತ್ಕೊಳ್ಳಿ." ನಾನು ಹೇಗೆ ಕೂರುತ್ತೇನೆ ಎಂಬ ಫೋಟೋ ಅವರ ಹತ್ತಿರವೇ ಇದೆ! ಅದನ್ನು ನೋಡಿ ತಾನೇ ಸೀಟ್ ಮಾಡಬೇಕಿದ್ದದ್ದು? ಅದಕ್ಕೆ ಬಂದ ಉತ್ತರ, "ಇಷ್ಟು ಜನಕ್ಕೆ ಮಾಡಿದ್ದೀವಿ, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ." ಈ ಮಾತು ಕೇಳಿದರೆ ಮೈ ಉರಿಯುತ್ತದೆ. ನೋವು ನನಗೆ ಬಂದಿದೆ, ನನ್ನ ಅಳತೆಗೆ ಮಾಡಿದ ಸೀಟು ಎಂದು ಹೇಳಿ ದುಡ್ಡು ತೆಗೆದುಕೊಂಡಿದ್ದಾರೆ, ಬೇರೆಯವರಿಗೆ ಹೇಗಿತ್ತು ಎನ್ನುವುದು ನನಗೆ ಯಾಕೆ?

ಆಮೇಲೆ ಮಳೆ ಬಂತು. ಡೈಮಂಡ್ ಹೊಲಿಗೆ ಸರಿಯಾಗಿ ಕೂರುವ ಜಾಗದ ಮೇಲೇ ಹಾಯ್ದು ಹೋಗಿತ್ತು. ಪ್ರತಿ ಹೊಲಿಗೆಯೂ ಒಂದು ಸೂಜಿ ತೂತು, ಪ್ರತಿ ತೂತೂ ನೀರಿಗೆ ದಾರಿ. ಒಳಗಿನ ಫೋಮ್ ನೀರು ಕುಡಿದು ಕೂತರೆ ಮಳೆ ನಿಂತು ಬಿಸಿಲು ಬಂದ ಮೇಲೂ ಕೂತ ತಕ್ಷಣ ಪ್ಯಾಂಟ್ ಒದ್ದೆ. ರೈನ್ ಪ್ಯಾಂಟ್ ತೆಗೆದು ಹತ್ತಿದೆ, ಇಳಿದಾಗ ಹಿಂದೆಲ್ಲ ಒದ್ದೆ, ನಾಲ್ಕು ಜನರ ಮುಂದೆ. ಆ ಅವಮಾನ ನನಗೆ ಇನ್ನೂ ಹೋಗಿಲ್ಲ. ಕವರಿಗೂ ಫೋಮಿಗೂ ನಡುವೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಹಾಕಿದ್ದರೆ ಸಾಕಿತ್ತು. ಹಾಕಿದ್ದೀವಿ ಎಂದರು. ಹಾಕಿರಲಿಲ್ಲ. ಹಾಕಿರಲಿಲ್ಲ ಎಂದು ನನಗೆ ಹೇಗೆ ಗೊತ್ತು ಎಂದರೆ, ಬಿಚ್ಚಿಸಿ ನೋಡಿದೆ.

ಕುಶನ್ ಕೆಲಸ ಮಾಡುವ ಒಬ್ಬರ ಹತ್ತಿರ ತೆಗೆದುಕೊಂಡು ಹೋದೆ. ಅವರು ಸೀಟನ್ನು ಬೋರಲು ಹಾಕಿ ಸ್ಕ್ರೂಡ್ರೈವರ್ ತುದಿಯಲ್ಲಿ ಸ್ಟೇಪಲ್ ಪಿನ್‌ಗಳನ್ನು ಒಂದೊಂದಾಗಿ ಮೀಟಿ ತೆಗೆದರು. ಆಗಲೇ ತುಕ್ಕು ಹಿಡಿದು ಪ್ಲಾಸ್ಟಿಕ್ ಮೇಲೆ ಕಂದು ಕಲೆ ಬಿಟ್ಟಿದ್ದವು. ಸ್ಟೀಲ್ ಪಿನ್ ಹೊಡೆಯಬೇಕಾದ ಕಡೆ ಸಾದಾ ಪಿನ್ ಹೊಡೆದಿದ್ದಾರೆ ಎಂದರು. ಕವರ್ ಸರಿಸಿದರು. ಪ್ಲಾಸ್ಟಿಕ್ ಹಾಳೆ ಇಲ್ಲ. ಮೇಲೆ ಬೆರಳಿನಷ್ಟು ದಪ್ಪದ ಹಳದಿ ಮೆತ್ತನೆ ಪದರ, ಒದ್ದೆ. ಅದನ್ನು ಒಂದು ಅಂಚಿನಿಂದ ಎಳೆದರು, ಗಮ್ ಬಿಟ್ಟು ಸುಲಭವಾಗಿ ಮೇಲೆ ಬಂತು. ಕೆಳಗೆ ಚೂರು ಫೋಮ್. ನೀಲಿ, ಬಿಳಿ, ಗುಲಾಬಿ ಚೂರುಗಳನ್ನು ಅಂಟಿಸಿ ಒತ್ತಿದ ಗಡ್ಡೆ. ಆ ಗಡ್ಡೆಯ ಕೆಳಗೆ ನನ್ನ ಕಂಪನಿ ಫೋಮ್, ಅರ್ಧಕ್ಕೆ ಕೊಯ್ದು ಹಾಕಿದ್ದು. ಒಂದೇ ಪೀಸ್ ಅಂತೆ!

ಆ ಚೂರು ಫೋಮಿನ ಮೇಲೆ ಕಪ್ಪು ಮಾರ್ಕರ್‌ನಲ್ಲಿ "ಮೀಡಿಯಂ" ಎಂದು ಬರೆದಿತ್ತು.

ಅದನ್ನು ಓದಿ ನಾನು ಸುಮ್ಮನೆ ನಿಂತುಬಿಟ್ಟೆ. ಕುಶನ್‌ನವರೂ ಮಾತಾಡಲಿಲ್ಲ. ತೂಕ, ಎತ್ತರ, ಕಾಲಿನ ಅಳತೆ, ಸೊಂಟದ ಅಳತೆ, ಎರಡು ಕಡೆಯಿಂದ ತೆಗೆದ ಫೋಟೋ, ಎಲ್ಲಿ ನೋವು ಎಂಬ ಪ್ರಶ್ನೆಗೆ ನಾನು ಬರೆದ ಉದ್ದದ ಉತ್ತರ, ಎಲ್ಲದರ ಕೊನೆಗೆ ಮೀಡಿಯಂ. ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ಮೊದಲೇ ಕತ್ತರಿಸಿ ಇಟ್ಟಿರುತ್ತಾರೆ, ಬಂದ ಸೀಟಿಗೆ ಒಂದು ಅಂಟಿಸಿ ಕಳಿಸುತ್ತಾರೆ. ರೆಡಿಮೇಡ್. ಕಸ್ಟಮ್ ಅಂದರೆ ಹೊಲಿಗೆಯ ಬಣ್ಣ ಮಾತ್ರ ನಮ್ಮ ಆಯ್ಕೆ. ಇದನ್ನು ಮೊದಲೇ ಹೇಳಿ ಅದಕ್ಕೆ ತಕ್ಕ ದುಡ್ಡು ಕೇಳಿದ್ದರೆ ನನಗೆ ಸಿಟ್ಟೇ ಇರುತ್ತಿರಲಿಲ್ಲ. ನನ್ನ ಅಳತೆ ಕೇಳಿ, ಅಳತೆಯ ದುಡ್ಡು ತೆಗೆದುಕೊಂಡು, ಮೀಡಿಯಂ ಕಳಿಸಿದ್ದಾರಲ್ಲ, ಅದು ಮೋಸ.

ಫೋಟೋ ತೆಗೆದು ಕಳಿಸಿದೆ. ತುಂಬಾ ಹೊತ್ತಾದ ಮೇಲೆ ಉತ್ತರ ಬಂತು, "ಅದು ಫೋಮ್ ಎಷ್ಟು ಗಟ್ಟಿ ಅನ್ನೋ ಗುರುತು ಸಾರ್, ಸೈಜ್ ಅಲ್ಲ." ಸರಿ, ಹಾಗಾದರೆ ನನ್ನ ಅಳತೆಗೆ ಎಲ್ಲಿ ಕತ್ತರಿಸಿದ್ದೀರಿ, ತೋರಿಸಿ ಎಂದೆ. ಅದಕ್ಕೆ ಉತ್ತರ ಇಲ್ಲ. ಹೈ ಡೆನ್ಸಿಟಿ ಎಂದಿದ್ರಲ್ಲ, ಇದು ಚೂರು ಫೋಮ್ ಎಂದೆ. "ಇದು ಹೈ ಡೆನ್ಸಿಟಿನೇ, ಬೇಕಿದ್ರೆ ತೂಕ ಹಾಕಿ ನೋಡಿ" ಎಂದರು. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ, ಯಾಕಂದರೆ ಈ ಮಾತಿನಲ್ಲೇ ಎಲ್ಲರನ್ನೂ ಬೀಳಿಸುತ್ತಾರೆ. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎನ್ನುವುದು, ಅಷ್ಟೇ. ಎಷ್ಟು ಗಟ್ಟಿ, ಒತ್ತಿದರೆ ಎಷ್ಟು ಕುಸಿಯುತ್ತದೆ ಎನ್ನುವುದು ಬೇರೆಯೇ ಅಳತೆ. ಹಗುರದ ಕುಶನ್ ಫೋಮ್ 20-30 ಕೆ.ಜಿ. ಇದ್ದರೆ ಚೂರುಗಳನ್ನು ಒತ್ತಿ ಮಾಡಿದ್ದು 60 ಕೆ.ಜಿ. ಸುಲಭವಾಗಿ ದಾಟುತ್ತದೆ. ಹಾಗಾಗಿ ಚೂರು ಫೋಮ್ ಕೊಟ್ಟು ಹೈ ಡೆನ್ಸಿಟಿ ಎನ್ನುವುದು ಬಾಯಿಮಾತಿಗೆ ಸುಳ್ಳಲ್ಲ, ಆದರೆ ನೀವು ಕೇಳಿದ್ದು ಅದಲ್ಲ. ಚೂರು ಫೋಮ್ ಅಂದಾಕ್ಷಣ ಕೆಟ್ಟದ್ದು ಅಂತಲೂ ಅಲ್ಲ. ತಳದಲ್ಲಿ ಗಟ್ಟಿ ಪದರ ಬೇಕು ಎಂದು ಅದನ್ನು ಹಾಕಿ, ಸರಿಯಾಗಿ ಕೆತ್ತಿ, ಮೇಲೆ ದಪ್ಪ ಒಳ್ಳೆ ಫೋಮ್ ಕೊಟ್ಟು ಚೆನ್ನಾಗಿ ಮಾಡುವವರೂ ಇದ್ದಾರೆ. ಇವರು ಕೆತ್ತಲೇ ಇಲ್ಲ. ಅಂಟಿಸಿದರು, ಮುಚ್ಚಿದರು, ಹೊಲಿದರು.

ಕೊನೆಯ ಉತ್ತರ ಇದು, "ಕವರ್ ನೀವೇ ಬಿಚ್ಚಿಸಿದ್ದೀರಿ, ವಾರಂಟಿ ಹೋಯ್ತು. ಕಸ್ಟಮ್ ಐಟಂ ವಾಪಸ್ ತಗೊಳಲ್ಲ." ಬಿಚ್ಚದೆ ಒಳಗೆ ಏನಿದೆ ಎಂದು ತಿಳಿಯುವುದಿಲ್ಲ, ಬಿಚ್ಚಿದರೆ ವಾರಂಟಿ ಇಲ್ಲ. ಮೀಡಿಯಂ ಎಂದು ಬರೆದಿರುವ ವಸ್ತು, ಅದು ಕಸ್ಟಮ್ ಐಟಂ, ಅದಕ್ಕೇ ವಾಪಸ್ ಇಲ್ಲ. ಇದಾದ ಮೇಲೆ ನನ್ನ ಫೋನ್ ಎತ್ತುವುದನ್ನೇ ನಿಲ್ಲಿಸಿದರು.

ಈಗ ಮಾಡಿಸಬೇಕು ಎಂದಿರುವವರಿಗೆ. ನಿಮ್ಮನ್ನು ನಿಮ್ಮ ಬೈಕಿನ ಮೇಲೇ ಕೂರಿಸಿ ನೋಡುವವರ ಹತ್ತಿರ ಹೋಗಿ. ಕೊರಿಯರ್‌ನಲ್ಲಿ ಸೀಟ್ ಕಳಿಸಿ ಎನ್ನುವವರಾದರೆ ಫೋಮ್ ಕತ್ತರಿಸಿದ ಮೇಲೆ, ಕವರ್ ಹಾಕುವ ಮುಂಚೆ, ಪಕ್ಕದಿಂದ ತೆಗೆದ ಫೋಟೋ ಕೇಳಿ. ಪದರ ಎಷ್ಟು, ಯಾವುದು ಯಾವ ಫೋಮ್ ಎಂದು ಬರೆದುಕೊಡಲು ಹೇಳಿ. ಕೊಡಲ್ಲ ಎಂದರೆ ಅಲ್ಲಿಗೆ ಬಿಟ್ಟುಬಿಡಿ. ಇಳಿಜಾರು ನೋಡುವುದು ಸುಲಭ. ಯಾರಾದರೂ ಬೈಕನ್ನು ನೆಟ್ಟಗೆ ಹಿಡಿಯಲಿ, ಕಾಲನ್ನು ಪೆಗ್ ಮೇಲಿಟ್ಟು ಹ್ಯಾಂಡಲ್‌ನಿಂದ ಎರಡೂ ಕೈ ತೆಗೆಯಿರಿ. ಮೈ ತಾನಾಗಿ ಟ್ಯಾಂಕಿನ ಕಡೆ ಜಾರಿದರೆ ಆ ಸೀಟು ಸರಿಯಿಲ್ಲ, ಯಾರು ಏನೇ ಹೇಳಲಿ. ಕೂರುವ ಜಾಗದ ಮೇಲೆ ಹೊಲಿಗೆ ಬೇಡ, ಎಷ್ಟೇ ಚೆಂದ ಕಾಣಲಿ, ಬೇಡ. ಜೆಲ್ ಪ್ಯಾಡ್ ಹಾಕಿ ಕೊಡ್ತೀವಿ ಎಂದರೆ ಬಿಸಿಲಲ್ಲಿ ಅದು ಕಾದು ಸುಡುತ್ತದೆ ಎನ್ನುವುದು ನೆನಪಿರಲಿ.

ಇನ್ನು ಹಳೆಯ ಸೀಟಿನ ವಿಷಯ. ಗುಜರಿಯಲ್ಲೋ ಸೆಕೆಂಡ್ ಹ್ಯಾಂಡ್ ಪಾರ್ಟ್ಸ್ ಮಾರುವವರಲ್ಲೋ ಅದೇ ಮಾಡೆಲ್‌ನ ಸೀಟು ಹರಿದದ್ದಾದರೂ ಪರವಾಗಿಲ್ಲ, ತಳ ಬಿರುಕು ಬಿಟ್ಟಿರಬಾರದು, ಲಾಕ್ ಕೊಕ್ಕೆ ಗಟ್ಟಿಯಾಗಿರಬೇಕು, ಅದನ್ನು ಕೊಂಡು ಅದನ್ನೇ ಕೊಡಿ. ನಾನೀಗ ಅದನ್ನೇ ಹುಡುಕುತ್ತಿದ್ದೇನೆ, ಕಸ್ಟಮ್ ಮಾಡಿಸಲು ಅಲ್ಲ, ಸುಮ್ನೆ ಮೊದಲಿನ ಹಾಗೆ ಕೂರಲು. ಬಿಚ್ಚಿದ ಸೀಟಿನ ಫೋಟೋ, ಅವರ ಮೆಸೇಜು, ನಾನು ತುಂಬಿದ ಫಾರಂ ಎಲ್ಲ ಇಟ್ಟುಕೊಂಡಿದ್ದೇನೆ. ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಇದೇ ರೀತಿ ಮೋಸ ಹೋದವರು ಇದ್ದರೆ ನಿಮ್ಮ ಸೀಟಿನ ಕವರನ್ನೂ ಒಮ್ಮೆ ತೆಗೆಸಿ ನೋಡಿ, ಆದರೆ ತೆಗೆಸುವಾಗ ಮೊದಲ ಪಿನ್‌ನಿಂದಲೇ ವಿಡಿಯೋ ಮಾಡಿ. ನೀವೇ ಫೋಮ್ ಬದಲಾಯಿಸಿದ್ದೀರಿ ಎನ್ನುತ್ತಾರೆ. ನನಗೆ ಅದನ್ನೂ ಹೇಳಿದರು.